ಕೈಯಾಡದವರಿಗೆ ಕಂಪ್ಯೂಟರ್: ಕಣ್ಣೋ, ತಲೆಯೋ, ದನಿಯೋ?

ಕುತ್ತಿಗೆಯ ಸಿ4 ಮಟ್ಟದಲ್ಲಿ, ಅಂದರೆ ಮೇಲಿನಿಂದ ನಾಲ್ಕನೇ ಮೂಳೆಯ ಹತ್ತಿರ, ನನ್ನ ಬೆನ್ನುಹುರಿಗೆ ಪೆಟ್ಟಾಗಿದೆ. ಕೈ, ಬೆರಳು ಅಲ್ಲಾಡುವುದಿಲ್ಲ. ತಲೆ ತಿರುಗುತ್ತದೆ, ಭುಜ ತುಸು ಎತ್ತಬಲ್ಲೆ, ಮಾತಿಗೆ ತೊಂದರೆ ಇಲ್ಲ. ಇಷ್ಟು ಬಂಡವಾಳದಲ್ಲಿ ಕಂಪ್ಯೂಟರ್ ನಡೆಸಲು ಕೈಗೆಟುಕುವ ದಾರಿಗಳನ್ನು ಹೆಚ್ಚುಕಡಿಮೆ ಎಲ್ಲ ನೋಡಿದ್ದೇನೆ. ನಾನು ತೂಗುವುದು ಒಂದೇ ಅಳತೆಯಲ್ಲಿ. ಒಮ್ಮೆ ಕೂರಿಸಿ ಹೋದ ಮೇಲೆ "ಅಮ್ಮಾ, ಸ್ವಲ್ಪ ಬಾ" ಅನ್ನದೆ ಎಷ್ಟು ಹೊತ್ತು ಕೆಲಸ ಸಾಗುತ್ತದೆ?

ಎಲ್ಲರೂ ಮೊದಲು ಕೇಳುವುದು ಐ ಟ್ರ್ಯಾಕರ್ ಬಗ್ಗೆ. ಮಾನಿಟರ್ ಕೆಳಗೆ ಅಂಟಿಸುವ ಒಂದು ಪಟ್ಟಿ ಅದು. ಇನ್‌ಫ್ರಾರೆಡ್ ಬೆಳಕು ಬಿಟ್ಟು, ಕಣ್ಣಲ್ಲಿ ಮಿನುಗುವ ಅದರ ಹೊಳಪನ್ನೂ ಪಾಪೆಯನ್ನೂ ನೋಡಿ, ನೋಟ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ವಿಂಡೋಸ್‌ನಲ್ಲಿ 2017ರಿಂದಲೇ ಇದಕ್ಕೆ ಐ ಕಂಟ್ರೋಲ್ ಇದೆ. ಆಪ್ಟಿಕೀ ಅನ್ನುವ ಉಚಿತ ಕೀಬೋರ್ಡ್ ಕೂಡ ಇದೆ. ಸ್ನೇಹಿತರೊಬ್ಬರಿಂದ ಪಟ್ಟಿ ತಂದು ಹಾಕಿಕೊಂಡಾಗ ಮೊದಲ ದಿನ ಖುಷಿಯೋ ಖುಷಿ. ಆಮೇಲೆ ಗೊತ್ತಾಯಿತು, ಕಣ್ಣು ನೋಡುವುದಕ್ಕೂ ಬೇಕು, ಒತ್ತುವುದಕ್ಕೂ ಬೇಕು. ಒಂದು ಕಡೆ ಒಂದು ಗಳಿಗೆ ನೋಟ ನಿಂತರೆ ಅದೇ ಕ್ಲಿಕ್. ಸುಮ್ನೆ ಸುದ್ದಿ ಓದೋಣ ಅಂದರೆ ಜಾಹೀರಾತು ತೆರೆದುಕೊಳ್ಳುತ್ತದೆ. ಭಸ್ಮಾಸುರನ ಕೈ ಕಣ್ಣಿಗೆ ಬಂದ ಹಾಗೆ! ಕನ್ನಡಕದ ಗಾಜು ಮಿಂಚಿದರೆ, ಬಿಸಿಲು ಒಳಗೆ ಬಂದರೆ ಲೆಕ್ಕ ತಪ್ಪುತ್ತದೆ. ಸ್ಪಾಸಂ ಬಂದು, ಅಂದರೆ ಸ್ನಾಯುಗಳು ತಾವಾಗಿಯೇ ಸೆಟೆದು, ಮೈ ಒಂದು ಕಡೆ ಜಾರಿದರೂ ಅಷ್ಟೇ, ಮತ್ತೆ ಸರಿಯಾಗಿ ಕೂರಿಸಲು ಅಮ್ಮ ಬರಬೇಕು. ರಾತ್ರಿ ದೀಪ ಆರಿಸಿದ ಮೇಲೆ ಮಾತ್ರ ಇದರಷ್ಟು ಚೆನ್ನಾಗಿ ಯಾವುದೂ ನಡೆಯಲಿಲ್ಲ. ಆಟ ಆಡುವವರಿಗೆ ಮಾಡಿದ ಪಟ್ಟಿಗೇ ಹತ್ತಾರು ಸಾವಿರ. ಅಂಗವಿಕಲರಿಗೆಂದೇ ಮಾಡಿದ್ದು ಲಕ್ಷ ದಾಟುತ್ತದೆ.

ತಲೆಯಿಂದ ನಡೆಸುವುದು ನೋಡಲು ಅಷ್ಟು ಮೋಡಿಯಲ್ಲ. ಆದರೆ ನಾನು ದಿನವಿಡೀ ಬಳಸುವುದು ಅದನ್ನೇ. ಇನೇಬಲ್ ವಯಾಕ್ಯಾಮ್ ಅಂತ ಒಂದು ಉಚಿತ ತಂತ್ರಾಂಶ. ಲಿನಕ್ಸ್‌ನಲ್ಲೂ ನಡೆಯುತ್ತದೆ. ಲ್ಯಾಪ್‌ಟಾಪಿನ ಕ್ಯಾಮೆರಾ ಸಾಕು, ಮುಖಕ್ಕೆ ಏನೂ ಅಂಟಿಸಬೇಕಿಲ್ಲ. ತಲೆ ಅಲ್ಲಾಡಿದಂತೆ ಕರ್ಸರ್ ಓಡುತ್ತದೆ. ಬೆಳಕು ಮುಖದ ಮೇಲೆ ಬೀಳಬೇಕು ಅಷ್ಟೇ. ಕಿಟಕಿ ಬೆನ್ನ ಹಿಂದಿದ್ದರೆ ಯಾವ ಕ್ಯಾಮೆರಾಗೂ ಮುಖ ಕಪ್ಪು.

ಇಲ್ಲೂ ತಡೆದು ನಿಂತರೆ ಕ್ಲಿಕ್ ಆಗುವ ವ್ಯವಸ್ಥೆ ಇದೆ. ನಾನು ಅದನ್ನು ತೆಗೆದುಹಾಕಿದೆ. ತಮ್ಮ ಒಂದು ಹಳೇ ಮೌಸ್ ಬಿಚ್ಚಿ, ಎಡ ಕ್ಲಿಕ್ಕಿನ ಎರಡು ಕಾಲಿಗೆ ವೈರ್ ಬೆಸುಗೆ ಹಾಕಿ, ಇನ್ನೊಂದು ತುದಿಗೆ ಕಾಲಿಂಗ್ ಬೆಲ್ ಸ್ವಿಚ್ ಕಟ್ಟಿಕೊಟ್ಟ. ಅದನ್ನು ವೀಲ್‌ಚೇರಿನ ಮೇಲೆ ಎಡ ಭುಜಕ್ಕೆ ತಾಗುವಂತೆ ಬಿಗಿದಿದ್ದೇವೆ. ಭುಜ ಎತ್ತಿದರೆ ಟಕ್, ಕ್ಲಿಕ್. ಕೈತಪ್ಪಿ ತೆರೆಯುವ ಕಾಟ ಅಲ್ಲಿಗೆ ಮುಗಿಯಿತು. ಸ್ವಿಚ್ ಒತ್ತಿದಾಗಷ್ಟೇ ಕೆಲಸ, ಇಲ್ಲದಿದ್ದರೆ ನಾನು ಆರಾಮಾಗಿ ಓದುತ್ತಾ ಇರಬಹುದು. ಸಂಜೆ ಹೊತ್ತಿಗೆ ಕುತ್ತಿಗೆ ಹಿಡಿಯುತ್ತದೆ, ಅದಂತೂ ನಿಜ.

ತಲೆಯಿಂದ ಕನ್ನಡ ಟೈಪ್ ಮಾಡುವುದು ಮಾತ್ರ ಶಿಕ್ಷೆ. ಪರದೆಯ ಕೀಬೋರ್ಡಿನಲ್ಲಿ 'ಸ್ತ್ರೀ' ಬರೆಯಲು ಸ, ಹಲಂತ, ತ, ಹಲಂತ, ರ, ದೀರ್ಘ ಈ. ಒಂದು ಅಕ್ಷರಕ್ಕೆ ಆರು ಸಲ ಗುರಿ ಇಡಬೇಕು. ಅದಕ್ಕೇ ದನಿಯ ಮೊರೆ ಹೋಗಿದ್ದು. ಗೂಗಲ್‌ನ ವಾಯ್ಸ್ ಟೈಪಿಂಗಿಗೆ 2017ರಲ್ಲಿ ಕನ್ನಡ ಬಂತು. ಗೂಗಲ್ ಡಾಕ್ಸ್ ತೆರೆದು ಮೈಕ್ ಮೇಲೆ ಕ್ಲಿಕ್ ಮಾಡಿ ಹೇಳುತ್ತಾ ಹೋದರೆ ಒಂದು ಪುಟ ಬೇಗ ತುಂಬುತ್ತದೆ. ಚುಕ್ಕಿ, ಅಲ್ಪವಿರಾಮ ಮಾತ್ರ ತಲೆಯಿಂದ ಹಾಕುತ್ತೇನೆ. ಇಂಟರ್ನೆಟ್ ಬೇಕೇ ಬೇಕು.

ಬರೀ ದನಿಯಿಂದಲೇ ಇಡೀ ಕಂಪ್ಯೂಟರ್ ನಡೆಸಬಹುದಲ್ವಾ ಅಂತ ಕೇಳುತ್ತಾರೆ. ವಿಂಡೋಸ್ 11ರ ವಾಯ್ಸ್ ಆಕ್ಸೆಸ್‌ನಲ್ಲಿ ನಡೆಸಬಹುದು. 'ಶೋ ನಂಬರ್ಸ್' ಅಂದರೆ ಪರದೆಯ ಪ್ರತಿ ಗುಂಡಿಯ ಮೇಲೆ ಅಂಕಿ ಮೂಡುತ್ತದೆ, ಬೇಕಾದ ಅಂಕಿ ಹೇಳಿದರಾಯಿತು. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಆಜ್ಞೆಗಳು ಕನ್ನಡದಲ್ಲಿ ಇಲ್ಲ, ಇಂಗ್ಲಿಷಿನಲ್ಲೇ ಹೇಳಬೇಕು. ನನ್ನ ಕಷ್ಟ ಬೇರೆ. ನನ್ನ ಹಾಗಿನವರಿಗೆ ಎದೆಯ ಸ್ನಾಯುಗಳು ಕೆಲಸ ಮಾಡದೆ ಉಸಿರು ಕಮ್ಮಿ, ಜಾಸ್ತಿ ಹೊತ್ತು ಮಾತಾಡಿದರೆ ದನಿ ಕುಗ್ಗುತ್ತದೆ. ನೆಗಡಿ ಬಂದರಂತೂ ಮುಗಿಯಿತು. ಅಡುಗೆಮನೆಯಲ್ಲಿ ಮಿಕ್ಸಿ ಶುರುವಾದರೆ ನಾನು ಬಾಯಿ ಮುಚ್ಚಿ ಕೂರಬೇಕು. ಬ್ಯಾಂಕಿನ ಪಾಸ್‌ವರ್ಡನ್ನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಹೇಳುವುದಾದರೂ ಹೇಗೆ?

ಹಾಗಾಗಿ ಓಡಾಟ ತಲೆಗೆ, ಕ್ಲಿಕ್ ಭುಜಕ್ಕೆ, ಉದ್ದ ಬರಹ ದನಿಗೆ ಅಂತ ಹಂಚಿದ್ದೇನೆ. ಅಮ್ಮನನ್ನು ಕರೆಯುವುದು ಈಗ ನೀರಿಗೆ, ಮಗ್ಗುಲು ಸರಿಸುವುದಕ್ಕೆ ಮಾತ್ರ.

ಇದು ಕುತ್ತಿಗೆ ಗಟ್ಟಿ ಇರುವವರ ಮಾತು. ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಗಳು ಸಾಯುತ್ತಾ ಹೋಗುವ ಕಾಯಿಲೆ) ಇರುವವರಿಗೆ ಕುತ್ತಿಗೆಯ ಬಲವೂ ದನಿಯೂ ಇಳಿಯುತ್ತಾ ಹೋಗುತ್ತವೆ, ಕಣ್ಣಿನ ಚಲನೆ ಸಾಮಾನ್ಯವಾಗಿ ಕೊನೆವರೆಗೂ ಉಳಿಯುತ್ತದೆ. ಅವರಿಗೆ ಐ ಟ್ರ್ಯಾಕರ್‌ಗೆ ದುಡ್ಡು ಹಾಕುವುದೇ ಸರಿ. ಇನ್ನೊಂದು ದಾರಿ, ಒಂದೇ ಒಂದು ಸ್ವಿಚ್ಚಿನಿಂದ ಎಲ್ಲ ನಡೆಸುವುದು. ಎಎಲ್‌ಎಸ್ ಇದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೆನ್ನೆಯ ಸಣ್ಣ ಚಲನೆಯಿಂದ, ಕನ್ನಡಕಕ್ಕೆ ಸಿಕ್ಕಿಸಿದ ಸೆನ್ಸರ್ ಮೂಲಕ ಬರೆಯುತ್ತಿದ್ದರು. ಅವರಿಗಾಗಿ ಇಂಟೆಲ್ ಮಾಡಿದ ಎಕ್ಯಾಟ್ ತಂತ್ರಾಂಶ 2015ರಿಂದ ಎಲ್ಲರಿಗೂ ಉಚಿತ. ಪರದೆಯ ಅಕ್ಷರಗಳ ಮೇಲೆ ಸಾಲುಸಾಲಾಗಿ ಬೆಳಕು ಓಡುತ್ತದೆ, ಬೇಕಾದಲ್ಲಿ ಸ್ವಿಚ್ಚಿನಿಂದ ತಡೆಯಬೇಕು. ತುಂಬಾ ನಿಧಾನ.

ಐ ಟ್ರ್ಯಾಕರ್ ಕೊಳ್ಳುವ ಮುಂಚೆ ಕೆಲವು ದಿನ ಎರವಲು ಕೇಳಿ. ಅಂಗಡಿಯಲ್ಲಿ ನೆಟ್ಟಗೆ ಕೂರಿಸಿ ತೋರಿಸಿದ್ದನ್ನು ನಂಬಬೇಡಿ. ನಿಮ್ಮದೇ ಕೋಣೆ, ನಿಮ್ಮದೇ ಕನ್ನಡಕ, ಒರಗಿ ಮಲಗಿದ ಭಂಗಿ, ಹೀಗೆ ನೋಡಿ.