ಏಬ್ಲಸ್ಕೀವರ್ ಕಾವಲಿ: ನಾಲ್ಕು ಡಿಸೆಂಬರ್ ಬಳಸಿದ ಮೇಲೆ

ಡೆನ್ಮಾರ್ಕ್‌ನಲ್ಲಿ ಡಿಸೆಂಬರ್ ಬಂತೆಂದರೆ ಆಫೀಸಾಗಲಿ, ಮಕ್ಕಳ ಶಾಲೆಯಾಗಲಿ, ತಟ್ಟೆಗೆ ಏಬ್ಲಸ್ಕೀವರ್ ಬೀಳುವುದು ಗ್ಯಾರಂಟಿ. ಅಂದರೆ ಗುಳಿಯ ಕಾವಲಿಯಲ್ಲಿ ಬೇಯಿಸುವ, ಚೆಂಡಿನಂಥ ಪ್ಯಾನ್‌ಕೇಕ್. ಪಕ್ಕದಲ್ಲಿ ಜಾಮ್, ಮೇಲೆ ಸಕ್ಕರೆ ಪುಡಿ. ಹೆಸರಿನ ಅರ್ಥ ‘ಸೇಬಿನ ಹೋಳು’, ಆದರೆ ಈಗ ಒಳಗೆ ಸೇಬು ಸಿಗುವುದು ಅಪರೂಪ. ಸುಮಾರು ಜನ ಫ್ರೋಜನ್ ಪ್ಯಾಕೆಟ್ ತಂದು ಓವನ್‌ನಲ್ಲಿ ಬಿಸಿ ಮಾಡಿ ಮುಗಿಸುತ್ತಾರೆ. ನಾವೂ ಎರಡು ವರ್ಷ ಅದನ್ನೇ ತಿಂದೆವು. ಆಮೇಲೆ ಆರ್ಹುಸ್‌ನ ಒಂದು ಅಂಗಡಿಯಲ್ಲಿ ಏಳು ಗುಳಿಯ ಬೀಡು ಕಬ್ಬಿಣದ ಕಾವಲಿ ಕಣ್ಣಿಗೆ ಬಿತ್ತು. ಇದು ನಮ್ಮ ಪಡ್ಡಿನ ಹಂಚೇ ಅಲ್ವಾ ಅಂದುಕೊಂಡು ಹೊತ್ತು ತಂದೆ.

ಹಾಗಂದುಕೊಂಡಿದ್ದೇ ತಪ್ಪಾಯಿತು. ಪಡ್ಡಿನ ಹಾಗೆ ಒಂದು ಕಡೆ ಬೇಯಿಸಿ, ಪೂರ್ತಿ ಮಗುಚಿದೆ. ಕೆಳಗೆ ಚೆಂದದ ಅರ್ಧ ಗೋಳ, ಮೇಲೆ ಚಪ್ಪಟೆ ಟೋಪಿ, ನಡುವೆ ಹಸಿ ಹಿಟ್ಟು. ಈ ಗುಳಿಗಳು ಪಡ್ಡಿನವಕ್ಕಿಂತ ದೊಡ್ಡವು, ಆಳವೂ ಜಾಸ್ತಿ.

ಸರಿಯಾದ ದಾರಿ ತೋರಿಸಿದ್ದು ಪಕ್ಕದ ಮನೆಯ ಅಜ್ಜಿ. ಅವರ ಆಯುಧ ಸ್ವೆಟರ್ ಹೆಣೆಯುವ ಕಡ್ಡಿ. ಇಲ್ಲಿ ಹಳಬರು ಬಳಸುವುದೇ ಅದನ್ನು. ಹಿಟ್ಟು ಹಾಕಿ ಅಂಚು ಗಟ್ಟಿಯಾದ ಕೂಡಲೇ ಕಡ್ಡಿ ಚುಚ್ಚಿ ಕಾಲು ಸುತ್ತು ಮಾತ್ರ ತಿರುಗಿಸಬೇಕು. ಬೆಂದ ಚಿಪ್ಪು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ, ಒಳಗಿನ ಹಸಿ ಹಿಟ್ಟು ಗುಳಿಗೆ ಸುರಿದು ಹೊಸ ಚಿಪ್ಪು ಕಟ್ಟುತ್ತದೆ. ಇನ್ನೊಂದು ಕಾಲು ಸುತ್ತು, ಮತ್ತೊಂದು. ಕೊನೆಗೆ ಬಾಯಿ ಮುಚ್ಚಿಕೊಂಡು ಚೆಂಡಾಗುತ್ತದೆ. ನನಗೆ ಇದು ಕೈಗೆ ಹತ್ತಿದ್ದು ಎರಡನೇ ಡಿಸೆಂಬರ್‌ನಲ್ಲಿ.

ನನ್ನ ಅಳತೆ: 250 ಗ್ರಾಂ ಮೈದಾ, 4 ಡೆಸಿಲೀಟರ್ (400 ಮಿ.ಲೀ.) ಇಲ್ಲಿನ ಗಟ್ಟಿ ಮಜ್ಜಿಗೆ, 3 ಮೊಟ್ಟೆ, ಒಂದು ಚಮಚ ಸಕ್ಕರೆ, ಅರ್ಧ ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ನಿಂಬೆ ಸಿಪ್ಪೆಯ ತುರಿ, ಏಲಕ್ಕಿ. ಹೌದು, ಏಲಕ್ಕಿ ಇಲ್ಲಿನವರೇ ಹಾಕುತ್ತಾರೆ, ನಾನು ಸೇರಿಸಿದ್ದಲ್ಲ. ಮೊಟ್ಟೆಯ ಬಿಳಿಭಾಗ ನೊರೆ ಬರುವಂತೆ ಕಡೆದು ಕೊನೆಗೆ ಮೆಲ್ಲಗೆ ಬೆರೆಸಬೇಕು. ದೋಸೆ ಹಿಟ್ಟಿನ ಹಾಗೆ ಇಟ್ಟು ಹುದುಗಿಸುವ ಲೆಕ್ಕ ಇಲ್ಲಿಲ್ಲ. ಅರ್ಧ ಗಂಟೆ ಮರೆತರೂ ನೊರೆ ಇಳಿದು ಚೆಂಡು ಕಲ್ಲಾಗುತ್ತದೆ.

ಎಲ್ಲರೂ ಗುಳಿಗೆ ಬೆಣ್ಣೆ ಹಾಕಿ ಅನ್ನುತ್ತಾರೆ. ಮೂರನೇ ಸಲ ಹಿಟ್ಟು ಹಾಕುವ ಹೊತ್ತಿಗೆ ಬೆಣ್ಣೆ ಸೀದು ಕಪ್ಪು ಚುಕ್ಕೆ ಬರುತ್ತದೆ. ನಾನು ತುಪ್ಪಕ್ಕೆ ಬದಲಾಯಿಸಿದೆ, ಆ ತೊಂದರೆ ತಪ್ಪಿತು. ಅಜ್ಜಿಗೂ ಒಂದು ಡಬ್ಬಿ ಕೊಟ್ಟಿದ್ದೇನೆ.

ದೂರುಗಳೂ ಇವೆ. ನನ್ನದು ಇಂಡಕ್ಷನ್ ಒಲೆ. ಅದರ ಸುರುಳಿ ಚಿಕ್ಕದು, ಕಾವಲಿ ಅಗಲ. ನಡುವಿನ ಗುಳಿ ಕರಟಿದರೂ ಸುತ್ತಲಿನ ಆರು ಬಿಳಿಚಿಕೊಂಡೇ ಇರುತ್ತವೆ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಖಾಲಿ ಕಾಯಿಸಿದರೆ ಸ್ವಲ್ಪ ಸರಿಹೋಗುತ್ತದೆ, ಪೂರ್ತಿ ಅಲ್ಲ. ನಡುವಿನದ್ದಕ್ಕೆ ಕೊನೆಯಲ್ಲಿ ಹಿಟ್ಟು ಹಾಕುವುದು ನಾನು ಕಂಡುಕೊಂಡ ಉಪಾಯ. ಕೊಳ್ಳುವ ಮುಂಚೆ ತಳ ಸಪಾಟಾಗಿದೆಯೇ ನೋಡಿ. ಕೆಲವು ಹಳೇ ಕಾವಲಿಗಳ ತಳದಲ್ಲಿ ಬಳೆ ಇರುತ್ತದೆ, ಇಂಡಕ್ಷನ್ ಮೇಲೆ ಸರಿಯಾಗಿ ಕೂರುವುದಿಲ್ಲ.

ಕಳೆದ ವರ್ಷ ಊಟಕ್ಕೆ ಬಂದ ಗೆಳೆಯರೊಬ್ಬರು ಸಹಾಯ ಮಾಡಲು ಹೋಗಿ ಇದನ್ನು ಡಿಶ್‌ವಾಷರ್‌ಗೆ ಹಾಕಿಬಿಟ್ಟರು. ಬೆಳಗ್ಗೆ ನೋಡಿದರೆ ಕೆಂಪು ತುಕ್ಕು. ಉಜ್ಜಿ, ಎಣ್ಣೆ ಸವರಿ, ಓವನ್‌ನಲ್ಲಿ ಮೂರು ಸಲ ಕಾಯಿಸಿ ಮತ್ತೆ ಪಳಗಿಸಿದೆ. ಈಗ ಮೊದಲಿಗಿಂತ ಚೆನ್ನಾಗಿ ಬಿಡುತ್ತದೆ. ನಾನ್‌ಸ್ಟಿಕ್ ಆಗಿದ್ದರೆ ಕಬ್ಬಿಣದ ಕಡ್ಡಿ ತಾಗಿ ತಾಗಿ ಇಷ್ಟು ಹೊತ್ತಿಗೆ ಕೋಟಿಂಗ್ ಎದ್ದುಹೋಗಿರುತ್ತಿತ್ತು.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಪಡ್ಡಿಗೂ ಆಗುತ್ತೆ ಅಂತ ಕೊಳ್ಳುವುದಾದರೆ ಬೇಡ. ಹುಳಿ ಹಿಟ್ಟು ಹಾಕಿ ನೋಡಿದೆ, ಹೊರಗೆ ಗರಿಗರಿ, ಒಳಗೆ ಅಂಟಂಟು. ಅದಕ್ಕೆ ಊರಿಂದ ತಂದ ಹನ್ನೆರಡು ಗುಳಿಯ ಹಂಚೇ ಇದೆ.