ಕೂಸು ಹುಟ್ಟುವ ಮುಂಚೆ ಕುಲಾವಿ: ಐಪಿಎನ್‌ಐ ಬಳಸಿ ನೋಡಿದ್ದು

ಎಲ್ಲರೂ ಸೇರಿ ಬರೆಯುವ ವಿಶ್ವಕೋಶದಲ್ಲಿ ಗಿಡಗಳ ಲೇಖನ ತಿದ್ದುವುದು ನನ್ನ ಹವ್ಯಾಸ. ಬ್ರೌನಿಯ ಎಂಬ ಕೆಂಪು ಹೂವಿನ ಮರದ ಲೇಖನದಲ್ಲಿ, ಈ ಹೆಸರು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅವರ ಗೌರವಾರ್ಥ ಎಂದಿತ್ತು. ದೊಡ್ಡ ಮನುಷ್ಯ, ಹೆಸರೂ ಹೊಂದುತ್ತದೆ. ನನಗೂ ಅನುಮಾನ ಬರಲಿಲ್ಲ. ಸುಮ್ನೆ ಐಪಿಎನ್‌ಐ, ಅಂದರೆ ಇಂಟರ್‌ನ್ಯಾಷನಲ್ ಪ್ಲಾಂಟ್ ನೇಮ್ಸ್ ಇಂಡೆಕ್ಸ್ ಎಂಬ ಗಿಡಗಳ ಹೆಸರುಗಳ ತಾಣ, ತೆರೆದೆ. ಹೆಸರು ಕೊಟ್ಟವರು ಜಾಕ್ವಿನ್, ವರ್ಷ 1760. ರಾಬರ್ಟ್ ಬ್ರೌನ್ ಹುಟ್ಟಿದ್ದು 1773ರಲ್ಲಿ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದರು ಅಂದರೆ ಇದೇ ಅಲ್ವಾ? ಆ ಗೌರವ ಸಲ್ಲಬೇಕಾದದ್ದು ಪ್ಯಾಟ್ರಿಕ್ ಬ್ರೌನ್‌ಗೆ. ಐರ್ಲೆಂಡಿನ ವೈದ್ಯ, 1756ರಲ್ಲಿ ಜಮೈಕಾದ ಬಗ್ಗೆ ದಪ್ಪ ಪುಸ್ತಕ ಬರೆದವರು.

ಈ ತಾಣಕ್ಕೆ ದುಡ್ಡು ಬೇಡ, ಲಾಗಿನ್ ಬೇಡ. ಲಂಡನ್ನಿನ ಕ್ಯೂ ಉದ್ಯಾನ, ಹಾರ್ವರ್ಡ್ ಮತ್ತು ಆಸ್ಟ್ರೇಲಿಯಾದ ಸಸ್ಯಸಂಗ್ರಹಾಲಯಗಳು ಕೂಡಿ ಕಟ್ಟಿದ್ದು. ನೋಡಲು ಒಣ ಪಟ್ಟಿ, ಒಂದು ಚಿತ್ರವೂ ಇಲ್ಲ. ನನಗೆ ಅದೇ ಇಷ್ಟ.

ಜಾಸ್ತಿ ಉಪಯೋಗಕ್ಕೆ ಬಂದದ್ದು ಲೇಖಕರ, ಅಂದರೆ ಗಿಡಕ್ಕೆ ಹೆಸರಿಟ್ಟವರ, ಪುಟ. ಹೆಸರಿನ ಬಾಲದಲ್ಲಿರುವ ಸಂಕ್ಷೇಪ ಒತ್ತಿದರೆ ಪೂರ್ತಿ ಹೆಸರು ಸಿಗುತ್ತದೆ, ಎಷ್ಟೋ ಕಡೆ ಹುಟ್ಟಿದ, ಸತ್ತ ವರ್ಷವೂ. ಒಮ್ಮೆ ನೆಪೆಂಥಿಸ್ ರಾಜಾ ಎಂಬ ಹೂಜಿಗಿಡದ ಲೇಖನದಲ್ಲಿ 'ಹುಕ್.ಎಫ್.' ಎಂದಿತ್ತು. ಆ ಎಫ್ ಟೈಪಿಂಗ್ ತಪ್ಪು ಅಂದುಕೊಂಡು ಅಳಿಸಿಬಿಟ್ಟೆ. ಎಫ್ ಅಂದರೆ ಫಿಲಿಯಸ್, ಮಗ. ಜೋಸೆಫ್ ಡಾಲ್ಟನ್ ಹುಕರ್ ಮಾಡಿದ ಕೆಲಸವನ್ನು ಅವರಪ್ಪ ವಿಲಿಯಂ ಜಾಕ್ಸನ್ ಹುಕರ್ ಲೆಕ್ಕಕ್ಕೆ ಬರೆದಿದ್ದೆ. ಹುಕರ್ ಗೌರವಕ್ಕೆ ಇಟ್ಟ, ಆದರೆ ಅಪ್ಪನಿಗೋ ಮಗನಿಗೋ ಎಂದು ಗೊತ್ತಾಗದ 'ಹುಕೆರಿ' ಹೆಸರುಗಳಿಗೂ ಈಗ ಮೊದಲು ವರ್ಷವನ್ನೇ ನೋಡುತ್ತೇನೆ. ಮಗ ಹುಟ್ಟಿದ್ದು 1817ರಲ್ಲಿ. ಹೆಸರು 1830ರದ್ದಾದರೆ ಅವನಿನ್ನೂ 13ರ ಹುಡುಗ.

ಒಂದು ಮಾತು ಮಾತ್ರ ನೆನಪಿರಲಿ. ಹೆಸರನ್ನು ಇಟ್ಟವರು ಯಾರು ಎಂದು ಐಪಿಎನ್‌ಐ ಹೇಳುತ್ತದೆ. ಯಾರ ಗೌರವಕ್ಕೆ ಇಟ್ಟರು ಎಂದು ಹೇಳುವುದು ಅದರ ಕೆಲಸವಲ್ಲ. ರೋಡೊಡೆಂಡ್ರಾನ್ ಥಾಮ್ಸೋನಿ ಹೆಸರಿನ ಬಾಲದಲ್ಲಿರುವವರು ಮಗ ಹುಕರ್, ಗೌರವ ಸಸ್ಯವಿಜ್ಞಾನಿ ಥಾಮಸ್ ಥಾಮ್ಸನ್‌ಗೆ. ಕೆಲವೊಮ್ಮೆ ಲ್ಯಾಟಿನ್ ಪ್ರತ್ಯಯವೇ ಸುಳಿವು ಕೊಡುತ್ತದೆ. ರೋಸಾ ಬ್ಯಾಂಕ್ಸಿಯೇ ಗುಲಾಬಿಯ ಕೊನೆಯ 'ಏ' ಹೆಂಗಸಿನ ಗುರುತು. ಅದು ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಅಲ್ಲ, ಅವರ ಹೆಂಡತಿ ಡೊರೋಥಿಯಾ.

ಇದೂ ಸಾಲದಿದ್ದರೆ ಮೂಲ ಪುಟಕ್ಕೇ ಹೋಗಬೇಕು. ಹಲವು ದಾಖಲೆಗಳಲ್ಲಿ ಹಳೇ ಪುಸ್ತಕಗಳ ಆನ್‌ಲೈನ್ ಗ್ರಂಥಾಲಯವಾದ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಸ್ಕ್ಯಾನ್ ಪುಟಕ್ಕೆ ಕೊಂಡಿ ಇರುತ್ತದೆ. ಅಲ್ಲಿ ಹಳೇ ಲ್ಯಾಟಿನ್, ಎಫ್ ತರಹ ಕಾಣುವ ಉದ್ದನೆಯ ಎಸ್. ಕಣ್ಣಿಗೆ ಕೆಲಸ. ಎಷ್ಟೋ ಸಲ ಹೆಸರಿಟ್ಟವರು ಕಾರಣವನ್ನೇ ಬರೆದಿರುವುದಿಲ್ಲ. ಆಗ ನಾನು ಊಹೆ ಮಾಡುವುದಿಲ್ಲ, ಆ ಸಾಲನ್ನೇ ತೆಗೆಯುತ್ತೇನೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಬ್ರೌನಿಯ ಸಾಲು ತಿದ್ದಿ, ದಾಖಲೆಯ ಕೊಂಡಿಯನ್ನೂ ಹಾಕಿದೆ. ಎರಡು ವಾರದ ಮೇಲೆ ನೋಡಿದರೆ ಯಾರೋ ಪ್ಯಾಟ್ರಿಕ್ ಬ್ರೌನ್ ಹೆಸರಿನ ಇಂಗ್ಲಿಷ್ ಕಾಗುಣಿತದಿಂದ ಕೊನೆಯ 'ಇ' ಅಕ್ಷರವನ್ನು ತಪ್ಪೆಂದು ಕಿತ್ತುಹಾಕಿದ್ದರು. ಮತ್ತೆ ಸೇರಿಸಿದೆ.