ವಿಟೆನ್‌ಬರ್ಗಿನಲ್ಲಿ ಎರಡೂವರೆ ತಾಸು, ಬೀಗಿತ್ತಿಯ ಜೊತೆಗೆ

ಜರ್ಮನಿಯಲ್ಲಿರುವ ಮಕ್ಕಳ ಮನೆಗೆ ಬಂದುಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರು ಈಗ ಬಹಳ. ಅವರಲ್ಲಿ ಕ್ರೈಸ್ತರು ಯಾರಿದ್ದರೂ, ಪ್ರಾಟೆಸ್ಟೆಂಟರಾಗಲಿ ಕಥೊಲಿಕರಾಗಲಿ, ವಿಟೆನ್‌ಬರ್ಗಿಗೆ ಹೋದರೆ ಇಂಗ್ಲಿಷಿನಲ್ಲಿ ನಡೆಯುವ ಕಾಲ್ನಡಿಗೆ ಸುತ್ತಾಟವನ್ನು ತಪ್ಪಿಸಬೇಡಿ. ಐನೂರು ವರ್ಷದ ಹಿಂದೆ ಪೋಪನನ್ನು ಎದುರಿಸಿ ಪ್ರಾಟೆಸ್ಟೆಂಟ್ ಪಂಥಕ್ಕೆ ದಾರಿ ಮಾಡಿದ ಮಾರ್ಟಿನ್ ಲೂಥರನ ಊರು ಅದು. ಮಾರುಕಟ್ಟೆ ಚೌಕದಲ್ಲಿ ಅವನ ಪ್ರತಿಮೆಯ ಬುಡದಿಂದ ಹೊರಡುತ್ತದೆ. ನಾವು ತಲೆಗೆ 12 ಯೂರೋ ಕೊಟ್ಟೆವು. ಜೊತೆಗೆ ಹದಿನಾಲ್ಕು ಜನ ಇದ್ದರು.

ನಾವು ಉಡುಪಿ ಕಡೆಯ ಬಾಸೆಲ್ ಮಿಶನ್ನಿನವರು, ಎಂದರೆ ಪ್ರಾಟೆಸ್ಟೆಂಟರು. ಅಜ್ಜ ಮಂಗಳೂರಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅವರ ಕಾಲದ ಲೂಥರನ ಪಟ ಈಗಲೂ ನಮ್ಮ ಮನೆಯ ಚಾವಡಿಯಲ್ಲಿದೆ. ಮಗ ಮದುವೆಯಾದದ್ದು ಮಂಗಳೂರಿನ ಕೊಂಕಣಿ ಕಥೊಲಿಕ ಹುಡುಗಿಯನ್ನು. ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ತೆಂಗಿನ ಹಾಲು ಹಚ್ಚಿ ಎಲ್ಲರೂ ನಗುತ್ತಿರುವಾಗ ಅವರ ಕಡೆಯ ಹಿರಿಯರೊಬ್ಬರು, "ನಿಮ್ಮ ಲೂಥರ್ ಮಠ ಬಿಟ್ಟು ಒಬ್ಬಳು ಸಿಸ್ಟರನ್ನು ಮದುವೆಯಾದವನಲ್ಲವಾ?" ಎಂದರು. ನನ್ನ ದೊಡ್ಡಪ್ಪನ ಮಗ ಸುಮ್ಮನಿರಲಿಲ್ಲ. ಆರನೇ ಅಲೆಕ್ಸಾಂಡರ್ ಪೋಪನಿಗೆ ಎಷ್ಟು ಮಕ್ಕಳು ಎಂದು ಕೇಳಿದ. ಆಮೇಲೆ ಊಟಕ್ಕೆ ಕೂತವರ ಮುಖ ನೋಡಬೇಕಿತ್ತು. ಆ ಎರಡು ಮಾತಿನ ಗಾಯ ನಾಲ್ಕು ವರ್ಷ ಮಾಯಲಿಲ್ಲ. ನಾನೂ ಬೀಗಿತ್ತಿಯೂ ಎಷ್ಟೇ ಚೆನ್ನಾಗಿದ್ದರೂ ಇಗರ್ಜಿ, ಪೋಪ್, ಲೂಥರ್ ಎಂಬ ಮಾತು ಬಂದಲ್ಲಿ ಇಬ್ಬರೂ ದಾರಿ ಬದಲಿಸುತ್ತಿದ್ದೆವು.

ಸೊಸೆಯ ಬಾಣಂತನಕ್ಕೆ ಇಬ್ಬರೂ ಲೈಪ್‌ಜಿಗ್‌ಗೆ ಬಂದೆವು. ಮಗುವಿಗೆ ಎರಡು ತಿಂಗಳು ತುಂಬಿದ ಮೇಲೆ, ಅಂದರೆ ಸೆಪ್ಟೆಂಬರಿನಲ್ಲಿ, ಮಗನೇ ಈ ಸುತ್ತಾಟಕ್ಕೆ ಹೆಸರು ಬರೆಸಿ ನಮ್ಮನ್ನು ರೈಲು ಹತ್ತಿಸಿದ. ನನಗೆ ಸಂತೋಷ, ಜೊತೆಗೆ ಹೆದರಿಕೆ. ನಮ್ಮವನ ಊರಿಗೆ ಬೀಗಿತ್ತಿಯನ್ನು ಕರೆದುಕೊಂಡು ಹೋಗಿ, ಅಲ್ಲಿ ಎರಡೂವರೆ ತಾಸು ಪೋಪರಿಗೆ ಬೈಗಳು ಕೇಳಿಸಿದರೆ ಸಂಜೆ ಸೊಸೆಯ ಮುಖ ಹೇಗೆ ನೋಡಲಿ ಎಂದು.

ಗೈಡ್ ಅರುವತ್ತರ ಆಸುಪಾಸಿನ ಹೆಂಗಸು. ಆ ಊರಿನ ಸಂತ ಮರಿಯಳ ನಗರ ಚರ್ಚಿನ ಸಭೆಯವರು, ಎಂದರೆ ಲೂಥರ್ ಪ್ರಸಂಗ ಮಾಡುತ್ತಿದ್ದ ಚರ್ಚಿನವರೇ. ಶುರುವಿನಲ್ಲೇ ಎರಡು ಪಟ ಕೈಯಿಂದ ಕೈಗೆ ದಾಟಿಸಿದರು. ಒಂದು 1529ರದ್ದು: ಲೂಥರನ ಕಡು ವಿರೋಧಿ, ಕಥೊಲಿಕ ಪಂಡಿತ ಕೊಕ್ಲೇಯಸ್‌ನ ಪುಸ್ತಕದ ಮುಖಪುಟ. ಒಂದೇ ಮೈಗೆ ಏಳು ತಲೆಯ ಲೂಥರ್. ಒಂದು ತಲೆಗೆ ಮುಂಡಾಸು, ಇನ್ನೊಂದರ ಸುತ್ತ ಹಾರುವ ಹುಳಗಳು, ಕೊನೆಯದು ಯೇಸುವಿನ ಬದಲು ಬಿಡುಗಡೆಯಾದ ಕಳ್ಳ ಬರಬ್ಬನದು. ಇನ್ನೊಂದು 1523ರದ್ದು: ಲೂಥರ್ ಮತ್ತು ಅವನ ಜೊತೆಗಾರ ಪಂಡಿತ ಮೆಲಂಕ್ಟನ್ ಸೇರಿ ಹೊರಡಿಸಿದ ಕಿರುಹೊತ್ತಗೆಯ ಚಿತ್ರ, ಅದೇ ಊರಿನ ಚಿತ್ರಕಾರ ಕ್ರಾನಾಖನ ಕಾರ್ಖಾನೆಯದು. ಕತ್ತೆಯ ತಲೆ, ಹೆಂಗಸಿನ ಮೈ, ಮೀನಿನ ಹುರುಪೆ. ಇದೇ ಪೋಪ್ ಎಂದು ವಿವರಣೆ. "ಈ ಎರಡನ್ನು ನೋಡಿ ಬೆಳೆದವರು ನಾವೆಲ್ಲ" ಎಂದರು ಗೈಡ್. ಬೀಗಿತ್ತಿ ಏಳು ತಲೆಯ ಪಟವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಅವರ ದೊತೊರ್ನ್ ಕ್ಲಾಸಿನಲ್ಲಿ, ಎಂದರೆ ಇಗರ್ಜಿಯ ಧರ್ಮಪಾಠದಲ್ಲಿ, ಇಂಥ ಪಟ ಇರಲಿಲ್ಲ, ಆದರೆ ಕೇಳಿದ ಲೂಥರ್ ಇವನೇ ಎಂದರು. ಕೊಕ್ಲೇಯಸ್ 1549ರಲ್ಲಿ ಬರೆದ ಜೀವನಚರಿತ್ರೆಯ ಮಾತುಗಳನ್ನೇ ಕಥೊಲಿಕ ಲೇಖಕರು ನಾನೂರು ವರ್ಷ ಒಬ್ಬರಿಂದೊಬ್ಬರು ನಕಲು ಮಾಡಿದ್ದರಂತೆ. ಅದನ್ನು ಪುಸ್ತಕ ಪುಸ್ತಕ ಹುಡುಕಿ 1943ರಲ್ಲಿ ತೋರಿಸಿಕೊಟ್ಟವನೂ ಕಥೊಲಿಕ ವಿದ್ವಾಂಸನೇ, ಅಡಾಲ್ಫ್ ಹೆರ್ಟೆ.

ಮೊದಲ ಮುಕ್ಕಾಲು ತಾಸು ಹೀಗೇ ಹಗುರವಾಗಿ ಹೋಯಿತು. ಕ್ರಾನಾಖನ ಅಂಗಳ, ಮೆಲಂಕ್ಟನ್ ಮನೆ, ಕಾಲೇಜು ಬೀದಿ. ಲೂಥರ್ ಸಂಸಾರ ಮಾಡಿದ ಮನೆ ನಾವು ಹೋದಾಗ ದುರಸ್ತಿಗೆಂದು ಮುಚ್ಚಿತ್ತು. ಅದಕ್ಕೆಂದೇ ಹೋಗುವವರು ಮೊದಲು ವಿಚಾರಿಸಿಕೊಳ್ಳಿ.

ಆಮೇಲೆ ನಗರ ಚರ್ಚಿನ ಆಗ್ನೇಯ ಮೂಲೆಗೆ ಕರೆದುಕೊಂಡು ಹೋಗಿ ನಿಲ್ಲಿಸಿ, ತಲೆ ಎತ್ತಿ ನೋಡಿ ಎಂದರು.

ಗೋಡೆಯ ಮೇಲೆ ಮರಳುಗಲ್ಲಿನ ಕೆತ್ತನೆ. ಒಂದು ಹೆಣ್ಣು ಹಂದಿ. ಅದರ ಮೊಲೆಗೆ ಬಾಯಿ ಹಚ್ಚಿದ ಮನುಷ್ಯರು, ಯೆಹೂದ್ಯರೆಂದು ಗೊತ್ತಾಗಲು ಚೂಪು ಟೋಪಿ. ಇನ್ನೊಬ್ಬ ಹಂದಿಯ ಬಾಲ ಎತ್ತಿ ಇಣುಕುತ್ತಿದ್ದಾನೆ, ಅವನು ಅವರ ಗುರು. ಹಂದಿ ಯೆಹೂದ್ಯರಿಗೆ ಎಷ್ಟು ಅಶುದ್ಧ ಎಂದು ಸತ್ಯವೇದ ಓದಿದ ಯಾರಿಗೂ ಹೇಳಬೇಕಿಲ್ಲ. ಕೆತ್ತನೆ ಲೂಥರನದ್ದಲ್ಲ, ಅವನು ಹುಟ್ಟುವ ಸುಮಾರು ಇನ್ನೂರು ವರ್ಷ ಮೊದಲಿನದು, ಎಂದರೆ ಕಥೊಲಿಕರ ಕಾಲದ್ದು. ನನಗೆ ಒಂದು ಕ್ಷಣ ನಿರಾಳವಾಯಿತು. ಆ ನಿರಾಳ ಉಳಿಯಲಿಲ್ಲ. ಕೆತ್ತನೆಯ ಮೇಲೆ ಹೊಳೆಯುವ ಅಕ್ಷರಗಳಿವೆ. ಅವನ್ನು ಹಾಕಿದ್ದು 1570ರಲ್ಲಿ, ನಮ್ಮವರು, ಲೂಥರ್ 1543ರಲ್ಲಿ ಬರೆದ ಒಂದು ಪುಸ್ತಕದಿಂದ ತೆಗೆದು. ಆ ಪುಸ್ತಕದಲ್ಲಿ ಅವನು ಇದೇ ಹಂದಿಯನ್ನು ವರ್ಣಿಸಿ ದೇವರ ಪವಿತ್ರ ನಾಮವನ್ನು ಹಿಡಿದು ಯೆಹೂದ್ಯರನ್ನು ಹೀಯಾಳಿಸಿದ್ದಾನೆ. ಅದೇ ವರ್ಷದ ಇನ್ನೊಂದು ಪುಸ್ತಕದಲ್ಲಿ ದೊರೆಗಳಿಗೆ ಸಲಹೆ ಕೊಟ್ಟಿದ್ದಾನೆ: ಅವರ ಸಭಾಮಂದಿರಗಳನ್ನು ಸುಡಿ, ಮನೆಗಳನ್ನು ಕೆಡವಿ, ಪ್ರಾರ್ಥನೆಯ ಪುಸ್ತಕ ಕಿತ್ತುಕೊಳ್ಳಿ, ಗುರುಗಳು ಕಲಿಸದಂತೆ ಮಾಡಿ. 1523ರಲ್ಲಿ ಯೇಸು ಯೆಹೂದ್ಯನಾಗಿಯೇ ಹುಟ್ಟಿದವನು, ಅವರನ್ನು ದಯೆಯಿಂದ ಕಾಣಿ ಎಂದು ಬರೆದ ಕೈಯೇ ಇದು.

ನಾನು ಮೂವತ್ತೊಂದು ವರ್ಷ ಸಂಡೇ ಸ್ಕೂಲಿನಲ್ಲಿ ಕಲಿಸಿದವಳು. ಹತ್ತನೇ ಲಿಯೋ ಪೋಪ್, ಪಾಪಕ್ಷಮಾಪಣೆಯ ಚೀಟಿ ಮಾರುತ್ತಿದ್ದ ಬೋಧಕ ಟೆಟ್ಸೆಲ್, ಅದರಿಂದ ರೋಮಿನ ಪೇತ್ರನ ದೇವಾಲಯಕ್ಕೆ ದುಡ್ಡು, ಎಲ್ಲ ಬಾಯಿಪಾಠ. 1543 ನನಗೆ ಗೊತ್ತಿರಲಿಲ್ಲ. ಅಡಗಿಸಿದ್ದರು ಎನ್ನಲಾರೆ, ನಾನು ಕೇಳಲೂ ಇಲ್ಲ.

ಗುಂಪಿನಲ್ಲಿದ್ದ ಒಬ್ಬರು, ಅಮೆರಿಕದ ಪಾಸ್ಟರ್ ಇರಬೇಕು, "ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು, ಅವನಿಗೆ ವಯಸ್ಸಾಗಿತ್ತು, ಕಾಯಿಲೆಯಿತ್ತು" ಎಂದರು. ನಾನೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ಗೈಡ್ ದನಿ ಏರಿಸದೆ ಹೇಳಿದರು: ಎಲ್ಲರೂ ಹಾಗಿರಲಿಲ್ಲ. ಯೋಸೆಲ್ ಎಂಬ ಯೆಹೂದ್ಯ ಮುಖಂಡ ಕೇಳಿಕೊಂಡಾಗ ಸ್ಟ್ರಾಸ್‌ಬರ್ಗ್ ನಗರಸಭೆ ಈ ಪುಸ್ತಕವನ್ನು ತನ್ನಲ್ಲಿ ಅಚ್ಚು ಹಾಕಬಾರದೆಂದು ಆಗಲೇ ತಡೆಯಿತು, ಅದೂ ಪ್ರಾಟೆಸ್ಟೆಂಟ್ ನಗರವೇ. ಜ್ಯೂರಿಚ್‌ನ ಬುಲಿಂಗರ್, ಲೂಥರನಂತೆ ಸುಧಾರಕನಾದರೂ ಬೇರೆ ಪಂಗಡದವನು, ಇದು ಸಭೆ ಕಾಯುವ ಕುರುಬನ ಬರಹವಲ್ಲ, ಹಂದಿ ಕಾಯುವವನ ಬರಹ ಎಂಬರ್ಥದ ಮಾತು ಆಡಿದ. "ಹಾಗಾದರೆ ಬುಲಿಂಗರ್ ಒಳ್ಳೆಯವನು" ಎಂದಿತು ಇನ್ನೊಂದು ದನಿ. ಗೈಡ್ ತಲೆಯಾಡಿಸಿದರು. ಅವನ ಜ್ಯೂರಿಚ್‌ನಲ್ಲೇ 1527ರಲ್ಲಿ ಫೆಲಿಕ್ಸ್ ಮಾಂಟ್ಸ್ ಎಂಬವನನ್ನು, ದೊಡ್ಡವರಿಗೆ ಮತ್ತೆ ದೀಕ್ಷಾಸ್ನಾನ ಮಾಡಿಸಿದ ತಪ್ಪಿಗೆ, ಹೊಳೆಯಲ್ಲಿ ಮುಳುಗಿಸಿ ಕೊಂದಿದ್ದರು. ಇನ್ನೊಬ್ಬ ಸುಧಾರಕ ಕಾಲ್ವಿನ್ ಇದ್ದ ಜಿನೀವಾದಲ್ಲಿ 1553ರಲ್ಲಿ, ತ್ರಿಯೇಕ ದೇವರ ಬೋಧನೆ ಒಪ್ಪದ ಸೆರ್ವೆಟಸ್‌ನನ್ನು ಸುಟ್ಟಾಗ ಬುಲಿಂಗರ್ ಸರಿ ಎಂದ. ನಾವು ಆಗಷ್ಟೇ ಮನೆ ನೋಡಿ ಬಂದ, ಸೌಮ್ಯನೆಂದು ಹೆಸರಾದ ಮೆಲಂಕ್ಟನ್ನೂ ಮರುವರ್ಷ ಕಾಲ್ವಿನ್‌ಗೆ ಮೆಚ್ಚಿ ಪತ್ರ ಬರೆದ.

ಇದನ್ನೆಲ್ಲ ಆಕೆ ಹೇಳಿದ ರೀತಿಗೆ ನಾನು ಈ ವಿಮರ್ಶೆ ಬರೆಯುತ್ತಿರುವುದು. ಯಾರನ್ನೋ ಸಿಕ್ಕಿಹಾಕಿಸಿದ ಗೆಲುವು ಅವರ ಮುಖದಲ್ಲಿರಲಿಲ್ಲ. ನಮ್ಮ ಮನೆಯ ಹಿರಿಯರೊಬ್ಬರು ಮಾಡಿದ ಸಾಲವನ್ನು ಲೆಕ್ಕ ಹೇಳುವಂತಿತ್ತು. ಪ್ರತಿ ಭಾನುವಾರ ಇದೇ ಗೋಡೆಯ ಪಕ್ಕದಲ್ಲಿ ನಡೆದು ಆರಾಧನೆಗೆ ಹೋಗುತ್ತೇನೆ ಎಂದರು. ಕೆತ್ತನೆಯ ಕೆಳಗೆ ನೆಲದಲ್ಲಿ 1988ರ ನವೆಂಬರಿನಲ್ಲಿ ಸಭೆಯವರು ಹಾಕಿಸಿದ ಕಂಚಿನ ಫಲಕವಿದೆ. ಶಿಲುಬೆಯ ಗುರುತಿನಡಿಯಲ್ಲಿ ಸತ್ತ 60 ಲಕ್ಷ ಯೆಹೂದ್ಯರ ಮಾತು ಅದರಲ್ಲಿದೆ. ಅಂಚಿನಲ್ಲಿ ಹೀಬ್ರೂ ಭಾಷೆಯಲ್ಲಿ 130ನೆಯ ಕೀರ್ತನೆಯ ಆರಂಭ. ಅದೇ ಕೀರ್ತನೆಯನ್ನು ಜನರು ಹಾಡುವಂತೆ ಹಾಡಾಗಿ ಬರೆದವನೂ ಲೂಥರೇ. ನನ್ನ ಅಮ್ಮನ ಮಣ್ಣಿನ ದಿನ ಆ ಕೀರ್ತನೆ ಓದಿದ್ದರು. ಫಲಕದ ಹತ್ತಿರ ಮೊಣಕಾಲೂರಿ ಅಕ್ಷರ ಮುಟ್ಟಿ ನೋಡಿದೆ. ಎದ್ದೇಳಲು ಬೀಗಿತ್ತಿ ಕೈ ಕೊಟ್ಟರು. ಏನೂ ಹೇಳಲಿಲ್ಲ.

ಕೆತ್ತನೆಯನ್ನು ತೆಗೆಸಬೇಕೆಂದು ನ್ಯಾಯಾಲಯಕ್ಕೆ ಹೋದವರಿದ್ದರು. ಫಲಕ ಇರುವುದರಿಂದ ಅದು ಉಳಿಯಬಹುದು ಎಂದು 2022ರ ಜೂನ್‌ನಲ್ಲಿ ಸರ್ವೋಚ್ಚ ಸಿವಿಲ್ ನ್ಯಾಯಾಲಯ ತೀರ್ಪು ಕೊಟ್ಟಿತು. ತೆಗೆದು ಮ್ಯೂಸಿಯಮ್ಮಿನಲ್ಲಿ ಇಡಬೇಕೆಂಬುದು ನನ್ನ ಅಭಿಪ್ರಾಯ. ಕೇಳಿದ್ದಕ್ಕೆ ಗೈಡ್, "ನನ್ನ ಸಭೆಯಲ್ಲೇ ಎರಡೂ ಅಭಿಪ್ರಾಯದವರಿದ್ದಾರೆ" ಎಂದರು. ಅವರದ್ದೇನು ಎಂದು ಹೇಳಲಿಲ್ಲ. ಹೇಳಬೇಕಿತ್ತು.

ಕೊರತೆಗಳೂ ಇವೆ. ಟೆಟ್ಸೆಲ್ ಬಂದಾಗ ಇದೇ ಗೈಡ್ ಹಳೆಯ ದಾರಿ ಹಿಡಿದರು: ದುಡ್ಡಿನ ಪೆಟ್ಟಿಗೆ, ನಾಣ್ಯದ ಸದ್ದು, ಸ್ವರ್ಗಕ್ಕೆ ಹಾರುವ ಆತ್ಮ, ಎಲ್ಲರೂ ನಗು. ಬೀಗಿತ್ತಿ ನಗಲಿಲ್ಲ. ಟೆಟ್ಸೆಲ್ 1519ರಲ್ಲಿ ಲೈಪ್‌ಜಿಗ್‌ನಲ್ಲಿ ಎಲ್ಲರ ನಿಂದೆ ಹೊತ್ತು ಸಾಯುತ್ತಿದ್ದಾಗ ಲೂಥರನೇ ಅವನಿಗೆ ಸಮಾಧಾನದ ಪತ್ರ ಬರೆದಿದ್ದ, ಈ ಗದ್ದಲ ನಿನ್ನಿಂದ ಹುಟ್ಟಿದ್ದಲ್ಲ ಎಂದು. ಪತ್ರ ಬರೆದವನ ಊರಿನಲ್ಲಿ ನಿಂತು ಅದನ್ನು ಹೇಳದಿದ್ದರೆ ಹೇಗೆ? ನಾನೇ ಹೇಳಿದೆ. ಲೈಪ್‌ಜಿಗ್‌ಗೆ ಬಂದ ಮೇಲೆ ಮಗನ ಪುಸ್ತಕದಲ್ಲಿ ಓದಿದ್ದೆ. ಗೈಡ್ ಒಪ್ಪಿಕೊಂಡರು.

ಇನ್ನೂ ದೊಡ್ಡದು ರೈತರ ವಿಷಯ. 1525ರ ರೈತರ ಯುದ್ಧಕ್ಕೆ ಸಿಕ್ಕಿದ್ದು ಎರಡೇ ವಾಕ್ಯ. ಜೀತ, ತೆರಿಗೆ ತಾಳಲಾರದೆ ಎದ್ದವರನ್ನು ಗುಟ್ಟಾಗಿಯೋ ಬಹಿರಂಗವಾಗಿಯೋ ಹೊಡೆಯಿರಿ, ಇರಿಯಿರಿ ಎಂದು ಲೂಥರ್ ಬರೆದ. ಫ್ರಾಂಕೆನ್‌ಹೌಸೆನ್‌ನಲ್ಲಿ ಸಾವಿರಾರು ಜನ ಸತ್ತರು. ಅವರ ಜೊತೆ ನಿಂತ ಬೋಧಕ ಮುಂಟ್ಸರ್‌ನ ತಲೆ ಕಡಿದರು. ಸುತ್ತಾಟ ಮುಗಿದ ಮೇಲೆ ಯಾಕೆ ಹೀಗೆ ಎಂದು ಕೇಳಿದೆ. ಆಕೆ ಬೆಳೆದದ್ದು ಪೂರ್ವ ಜರ್ಮನಿಯಲ್ಲಿ. ಅಲ್ಲಿ 5 ಮಾರ್ಕಿನ ನೋಟಿನ ಮೇಲೆ ಮುಂಟ್ಸರ್‌ನ ಮುಖವೇ ಇತ್ತಂತೆ. ಶಾಲೆಯಲ್ಲಿ ಲೂಥರ್ ದೊರೆಗಳ ಆಳು ಎಂದು ಕಲಿಸುತ್ತಿದ್ದರು, ಚರ್ಚಿಗೆ ಹೋಗುವ ಮಕ್ಕಳನ್ನು ಅದನ್ನು ಹೇಳಿಯೇ ಚುಚ್ಚುತ್ತಿದ್ದರು. ಹಾಗಾಗಿ ಆ ಮಾತು ಈಗಲೂ ಬಾಯಿಗೆ ಬರುವುದಿಲ್ಲ ಎಂದರು. ಅರ್ಥವಾಯಿತು, ನನಗೂ ಹಾಗೇ ಆಗಿದೆ. ಆದರೂ ನಮ್ಮಂಥ ಗೇಣಿ ಗದ್ದೆಯ ನೆನಪಿರುವವರಿಗೆ ರೈತರ ಕಥೆ ಎರಡು ವಾಕ್ಯದಲ್ಲಿ ಮುಗಿಯುವಂಥದ್ದಲ್ಲ.

ಕೊನೆಗೆ ಅರಮನೆ ಚರ್ಚು. ಪಾಪಕ್ಷಮಾಪಣೆಯ ಚೀಟಿಯ ವಿರುದ್ಧ ಲೂಥರ್ 95 ವಾದಗಳನ್ನು ಹಚ್ಚಿದನೆಂದು ಹೇಳುವ ಬಾಗಿಲು ಈಗ ಕಂಚಿನದು, 1858ರದ್ದು. ಮರದ ಹಳೆಯ ಬಾಗಿಲು 1760ರಲ್ಲೇ ಬೆಂಕಿಗೆ ಹೋಯಿತು. ಒಳಗೆ ಲೂಥರನ ಸಮಾಧಿ. ಬೀಗಿತ್ತಿ ಅದರ ಮುಂದೆ ನಿಂತು ಶಿಲುಬೆಯ ಗುರುತು ಮಾಡಿ ತೀರಿಹೋದವರಿಗೆ ಹೇಳುವ ಪ್ರಾರ್ಥನೆ ಹೇಳಿದರು, ಕೊಂಕಣಿಯಲ್ಲಿ. ಸತ್ತವರಿಗಾಗಿ ಪ್ರಾರ್ಥಿಸುವುದು ನಮ್ಮಲ್ಲಿಲ್ಲ. ನಾನು ಪಕ್ಕದಲ್ಲಿ ನಿಂತುಕೊಂಡೆ.

ವಾಪಸು ರೈಲಿನಲ್ಲಿ ಬೀಗಿತ್ತಿ ಹೇಳಿದ ಮಾತನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

"ಟೀಚರ್, ನಮ್ಮ ಗೋಂಯ್ಚೊ ಸಾಯ್ಬನ ಒಂದು ಕಾಗದ ಉಂಟು. ನಿಮಗೆ ಗೊತ್ತುಂಟಾ?"

ಗೊತ್ತಿತ್ತು. ಸಂತ ಫ್ರಾನ್ಸಿಸ್ ಕ್ಸೇವಿಯರ್ 1546ರಲ್ಲಿ ಪೋರ್ಚುಗಲ್ಲಿನ ದೊರೆಗೆ ಬರೆದದ್ದು, ಗೋವಾಕ್ಕೆ ಧರ್ಮವಿಚಾರಣೆಯ ನ್ಯಾಯಾಲಯ, ಎಂದರೆ ಮತ ತಪ್ಪಿದರೆಂದು ಜನರನ್ನು ಶಿಕ್ಷಿಸುವ ಇನ್‌ಕ್ವಿಸಿಶನ್, ಬೇಕೆಂದು. ಅದು ಬಂದದ್ದು 1560ರಲ್ಲಿ, ಅವರು ತೀರಿಹೋಗಿ ಎಂಟು ವರ್ಷದ ಮೇಲೆ. 1812ರ ತನಕ ಇತ್ತು. ನನ್ನ ಅಪ್ಪ ಈ ಕಾಗದದ ಮಾತನ್ನು ಕಥೊಲಿಕರ ಜೊತೆ ವಾದಕ್ಕೆ ಕೂತಾಗಲೆಲ್ಲ ಎತ್ತುತ್ತಿದ್ದರು. ನಾನೂ ಎತ್ತಿದ್ದೇನೆ.

"ನಮ್ಮ ಹಿರಿಯರು ಗೋವಾ ಬಿಟ್ಟು ಕೆನರಾಕ್ಕೆ ಬಂದದ್ದಕ್ಕೆ ಅದೂ ಒಂದು ಕಾರಣ. ಅವರದ್ದೇ ಶರೀರ ನೋಡಲು ನನ್ನ ಅಮ್ಮ ಹರಕೆ ಹೊತ್ತು ಹೋಗುತ್ತಿದ್ದಳು. ನಾನೂ ಹೋಗುತ್ತೇನೆ, ಮುಂದೆಯೂ ಹೋಗುವವಳೇ. ಆದರೆ ಆ ಕಾಗದ ಓದಿದಾಗ ಎರಡು ದಿನ ಊಟ ಸೇರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಮ್ಮವರ ಬಾಯಿಗೆ ಸಿಗುತ್ತದಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ವಾದಕ್ಕೆಂದು ಎಷ್ಟೋ ಸಲ ನಾನೇ ಹೇಳಿದ್ದ ಸಂಗತಿ ಅದು. ಅವರ ಬಾಯಿಂದ ಬಂದಾಗ ಮಾತ್ರ ಅದರಲ್ಲಿ ಸುಟ್ಟುಹೋದ ಮನುಷ್ಯರಿದ್ದಾರೆ ಎಂದು ಅನಿಸಿತು. ಆಮೇಲೆ ನನ್ನ ಕಡೆಯದನ್ನು ನಾನು ಹೇಳಿದೆ: ಚಾವಡಿಯ ಪಟ, 1543, ಏನೂ ಗೊತ್ತಿಲ್ಲದೆ ಕಲಿಸಿದ ಮೂವತ್ತೊಂದು ವರ್ಷ. ಲೈಪ್‌ಜಿಗ್ ಬರುವವರೆಗೂ ಇಬ್ಬರೂ ಮಾತಾಡಿದೆವು.

ಹೋಗುವವರಿಗೆ: ಕಲ್ಲು ಹಾಸಿದ ಬೀದಿ, ತೆಳು ಚಪ್ಪಲಿ ಬೇಡ. ನಡುವೆ ಕೂರಲು ಜಾಗ ಕಡಿಮೆ, ಮಂಡಿನೋವು ಇರುವವರು ಹೊರಡುವಾಗಲೇ ಗೈಡ್‌ಗೆ ಹೇಳಿ. ಹಂದಿಯ ಕೆತ್ತನೆಯ ಮುಂದೆ ನಮಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ, ಅವಸರ ಮಾಡಲಿಲ್ಲ. ಐದು ನಕ್ಷತ್ರದಲ್ಲಿ ನಾಲ್ಕು ಕೊಡುತ್ತೇನೆ. ಚೌಕದಲ್ಲಿ ಅವರು ಹಿಡಿದ ಅಭಿಪ್ರಾಯದ ಪುಸ್ತಕದಲ್ಲಿ, ರೈತರಿಗೆ ಇನ್ನೂ ಹತ್ತು ನಿಮಿಷ ಕೊಡಿ, ಟೆಟ್ಸೆಲ್‌ಗೆ ಬರೆದ ಪತ್ರದ ವಿಷಯ ಹೇಳಿ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ. ಕೆಳಗೆ ಬೀಗಿತ್ತಿಯೂ ಸಹಿ ಹಾಕಿದ್ದಾರೆ.